ತಾಯಿಯ ಹೆಸರಿನಲ್ಲಿ ಓಡುವುದು



ಅಹಮದಾಬಾದ್ ನಗರದಿಂದ ಉತ್ತರಾಭಿಮುಖವಾಗಿ ಹೊರಟು ಕಲೋಲ್, ಮೆಹಸಾಣಾ, ಊಂಝಾಗಳನ್ನು ಹಾದುಹೋಗುವ ದಾರಿಯು ಕನ್ನಡನಾಡಿನ ಎಷ್ಟೋ ಮನೆತನಗಳಿಗೆ ಅಪರಿಚಿತವಾದುದಲ್ಲ. ಏಕೆಂದರೆ ಆ ದಾರಿಯಲ್ಲಿ ನೂರು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ ಸಿದ್ಧಪುರವುಂಟು, ಸಿದ್ಧಪುರದಲ್ಲಿ ಬಿಂದುಸರೋವರವುಂಟು, ಮತ್ತು ತಾಯಿಯೊಬ್ಬಳಿಗಾಗಿಯೇ ಶ್ರಾದ್ಧವನ್ನು ಮಾಡುವ ಮಾತೃಗಯೆಯೆಂದು ಆ ಸರೋವರವು ಪ್ರಸಿದ್ಧವಾಗಿದೆ. ಕಪಿಲ ಮಹರ್ಷಿಯು ತನ್ನ ತಾಯಿಯಾದ ದೇವಹೂತಿಗೆ ತತ್ತ್ವೋಪದೇಶವನ್ನು ಮಾಡಿದ ಸ್ಥಳವು ಅದೇ ಎಂದು ಸಂಪ್ರದಾಯವು ಹೇಳುತ್ತದೆ. ಈ ದಾರಿಯು ನಗರವನ್ನು ಬಿಡುವೆಡೆಯಲ್ಲಿ, ಸಾಬರಮತಿ ಮೋಟೇರಾಗಳಿಂದ ಆಚೆಗೆ, ಹಿಂದೆ ಗಾಂಧಿನಗರ ಜಿಲ್ಲೆಯ ಒಂದು ಗ್ರಾಮವಾಗಿದ್ದು ಈಗ ಮಹಾನಗರದೊಳಗೆ ಸೇರಿಹೋಗಿರುವ ಚಾಂದ್‌ಖೇಡಾ ಇದೆ. ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ಕಚೇರಿ, ಅದರ ವಸತಿಗಳು, ಒಂದು ತಾಂತ್ರಿಕ ವಿಶ್ವವಿದ್ಯಾಲಯ ಇವುಗಳ ನಿಮಿತ್ತದಿಂದ ದೇಶದ ನಾನಾ ಭಾಗದ ಜನ ಅಲ್ಲಿ ನೆಲೆಸಿದ್ದಾರೆ. ಕೆಲಸದ ಋಣದಿಂದ ಅಲ್ಲಿಗೆ ಬಂದು ನಿಂತ ಕನ್ನಡಿಗರಲ್ಲಿ ನಾನೂ ಒಬ್ಬ.

ನನ್ನ ತಾಯಿಯವರು ತೀರಿಕೊಂಡ ಮೇಲೆ ಎಲ್ಲರಂತೆ ನಾನೂ ಸಿದ್ಧಪುರಕ್ಕೆ ಹೋಗಿ ಬಂದೆನು. ಅದಾದ ತರುವಾಯ, ಬಂಧುಗಳಲ್ಲಿ ಕೆಲವರಿಗೆ ವಿಚಿತ್ರವೆಂದು ತೋರಿದ ಇನ್ನೊಂದು ಕಾರ್ಯವನ್ನೂ ಅವರ ಹೆಸರಿನಲ್ಲಿ ಮಾಡಿದೆನು: ನಡುವಯಸ್ಸು ಮೀರಿದ ಕಾಲದಲ್ಲಿ ಮ್ಯಾರಥಾನ್ ಓಟವನ್ನು ಓಡಿ, ಆ ನೆಪದಿಂದ ಕೂಡಿದ ಹಣವನ್ನು ರೋಗಿಗಳ ಸೇವೆಗೆ ಒಪ್ಪಿಸಿದೆನು. ಈ ಎರಡು ಕಾರ್ಯಗಳು ಒಂದೇ ಕುಲಕ್ಕೆ ಸೇರಿದುವೆಂಬುದೇ ಇಂದು ನಾನು ತಮ್ಮೆದುರು ಹೇಳಬೇಕೆಂದಿರುವ ಮಾತು.

ಗುಜರಾತಿನ ಚಳಿಯು ಇನ್ನೂ ಎಳೆಯದಾಗಿರುವ ನವೆಂಬರ್ ತಿಂಗಳಿನಲ್ಲಿ, ಸಾಬರಮತಿಯ ತೀರದಲ್ಲಿ ನಡೆಯುವ ಅದಾನಿ ಅಹಮದಾಬಾದ್ ಮ್ಯಾರಥಾನ್ 2017ರಲ್ಲಿ ಆರಂಭವಾಯಿತು. ನಮ್ಮ ಸೈನಿಕರಿಗಾಗಿ ಓಡುವುದೆಂಬ ಸಂಕಲ್ಪದಿಂದ ಅದು ಹೊರಟಿತು. ಆದರೆ ಸೂರ್ಯೋದಯಕ್ಕೆ ಮೊದಲು ಓಟದ ಮೈದಾನದಲ್ಲಿ ಕೂಡುವ ಜನರ ನಡುವೆ ಸುಳಿದಾಡಿದರೆ, ಅಂಗಿಯ ಬೆನ್ನಿನ ಮೇಲೆ ತಂದೆಯ ಅಥವಾ ತಾಯಿಯ ಹೆಸರನ್ನು ಬರೆಯಿಸಿಕೊಂಡವರು, ಎದೆಯ ಮೇಲೆ ಅವರ ಭಾವಚಿತ್ರವನ್ನು ಧರಿಸಿದವರು ಕಣ್ಣಿಗೆ ಬೀಳುತ್ತಾರೆ. ಓಟದ ದೂರ 42 ಕಿಲೋಮೀಟರು 195 ಮೀಟರು. 1896ರ ಅಥೆನ್ಸ್ ಕ್ರೀಡೆಗಳಿಂದ ಆಧುನಿಕ ಮ್ಯಾರಥಾನ್ ಮೊದಲಾಗಿ, 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದವರೆಗೆ ಓಡಿದ ದೂರವೇ 1921ರಲ್ಲಿ ಸ್ಥಿರವಾದ ಪ್ರಮಾಣವಾಯಿತು. ಇದರ ಅರ್ಧ ದೂರವನ್ನೋ, ಹತ್ತು ಕಿಲೋಮೀಟರನ್ನೋ, ಐದನ್ನೋ ಓಡುವವರೂ ಇದ್ದಾರೆ. ಸ್ಮರಣೆಗೆ ದೂರದ ಅಳತೆ ಬೇಕಾಗಿಲ್ಲ.

ಓಟವನ್ನು ದಾನದೊಡನೆ ಜೋಡಿಸಿದ ಪದ್ಧತಿಯು 1981ರಲ್ಲಿ ಆರಂಭವಾದ ಲಂಡನ್ ಮ್ಯಾರಥಾನಿನಲ್ಲಿ ದೊಡ್ಡದಾಗಿ ಬೆಳೆಯಿತು; ಅಲ್ಲಿ ಓಡುವವರು ಈವರೆಗೆ ಧರ್ಮಸಂಸ್ಥೆಗಳಿಗಾಗಿ ಕೂಡಿಸಿದ ಹಣ ನೂರು ಕೋಟಿ ಪೌಂಡನ್ನು ಮೀರಿದೆ. ನಮ್ಮ ದೇಶದಲ್ಲಿ 2004ರಲ್ಲಿ ಮೊದಲಾದ ಮುಂಬಯಿ ಮ್ಯಾರಥಾನ್ ಈ ಮಾರ್ಗವನ್ನು ತೋರಿತು, 2008ರಿಂದ ಬೆಂಗಳೂರಿನ ಹತ್ತು ಕಿಲೋಮೀಟರಿನ ಓಟವೂ ಅದನ್ನು ಅನುಸರಿಸಿತು. ಇದರ ರೀತಿ ಸರಳವಾದುದು: ಓಡುವವನು ತಾನು ನಂಬಿದ ಒಂದು ಸಂಸ್ಥೆಯನ್ನು ಆರಿಸಿಕೊಂಡು, ತನ್ನ ಬಂಧುಮಿತ್ರರಿಗೆ ಇಂಥ ದಿನ ಇಂಥವರ ನೆನಪಿಗಾಗಿ ಇಷ್ಟು ದೂರ ಓಡುತ್ತೇನೆ, ನೀವು ನಿಮ್ಮ ಶಕ್ತ್ಯನುಸಾರ ಆ ಸಂಸ್ಥೆಗೆ ಕೊಡಿರಿ ಎಂದು ಕೇಳಿಕೊಳ್ಳುತ್ತಾನೆ. ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಓಟಕ್ಕೆ ಹೆಸರು ನೋಂದಾಯಿಸುವಾಗ ತೆರುವ ಶುಲ್ಕವೇ ದಾನವೆಂದು ಅನೇಕರು ತಿಳಿದಿದ್ದಾರೆ. ಬಹುಪಾಲು ಓಟಗಳಲ್ಲಿ ಅದು ರಸ್ತೆಯ ವ್ಯವಸ್ಥೆಗೂ ನೀರಿಗೂ ವೈದ್ಯರಿಗೂ ಅಂಗಿಗೂ ಪದಕಕ್ಕೂ ವ್ಯಯವಾಗತಕ್ಕ ಹಣ. ದಾನವು ಬೇರೆ, ಅದಕ್ಕೆ ರಸೀದಿಯೂ ಬೇರೆ. ತಂದೆತಾಯಿಗಳ ಹೆಸರನ್ನು ಮುಂದಿಟ್ಟುಕೊಂಡು ಕೇಳಿದ ಹಣದ ಲೆಕ್ಕ ಕೊಟ್ಟವನ ಕೈಗೆ ತಲುಪದಿದ್ದರೆ ಆ ಹೆಸರಿಗೇ ಕುಂದು ಬರುತ್ತದೆಂಬುದನ್ನು ಓಡಲು ಹೊರಟವರು ಮರೆಯಲಾಗದು.

ಮೃತರ ಹೆಸರನ್ನು ಪರೋಪಕಾರದಲ್ಲಿ ಉಳಿಸುವ ಕಲೆಯನ್ನು ಗುಜರಾತಿನವರಿಗೆ ಲಂಡನ್ನಿನಿಂದ ಯಾರೂ ಕಲಿಸಬೇಕಾಗಿರಲಿಲ್ಲ. ಈ ನಾಡಿನ ಬೀದಿಗಳಲ್ಲಿ ನಡೆದವರಿಗೆ ಅದು ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಆಸ್ಪತ್ರೆಯ ಅಂಗಳದಲ್ಲಿ, ಉದ್ಯಾನದಲ್ಲಿ, ಬಸ್ಸು ನಿಲ್ಲುವ ಮರದಡಿಯಲ್ಲಿ ಇಟ್ಟಿರುವ ಬಾಂಕಡಾ ಎಂಬ ಕಲ್ಲುಬೆಂಚಿನ ಬೆನ್ನಿನ ಮೇಲೆ ದಿವಂಗತ ತಾಯಿಯ, ತಂದೆಯ ಸ್ಮರಣಾರ್ಥವಾಗಿ ಎಂಬ ಬರೆಹವಿರುತ್ತದೆ. ನಮ್ಮ ಅರವಟ್ಟಿಗೆಗೆ ಸಮನಾದ ಪರಬ್ ಎಂಬ ನೀರಿನ ಮನೆಯ ನೆತ್ತಿಯ ಮೇಲೆಯೂ, ಹಕ್ಕಿಗಳಿಗೆ ಕಾಳು ಹಾಕಲು ಕಂಬದ ಮೇಲೆ ಕಟ್ಟಿದ ಚಬೂತರೋ ಮೇಲೆಯೂ, ಮುದಿ ಗೋವುಗಳನ್ನು ಸಾಕುವ ಪಾಂಜರಾಪೋಳದ ಗೋಡೆಯ ಮೇಲೆಯೂ ಅಂಥವೇ ಹೆಸರುಗಳು. ಬಿಸಿಲಿನಲ್ಲಿ ಬಂದು ಆ ಬೆಂಚಿನ ಮೇಲೆ ಕುಳಿತವನಿಗೆ ಆ ತಾಯಿ ಯಾರೆಂದು ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಅವನ ಆಯಾಸವು ಪರಿಹಾರವಾಯಿತು, ಆಕೆಯ ಹೆಸರು ಒಂದು ಸಲ ಅವನ ಕಣ್ಣಿಗೆ ಬಿತ್ತು. ದಾತೃವಿಗೂ ಅಷ್ಟೇ ಬೇಕಾಗಿತ್ತು. ಚಾಂದ್‌ಖೇಡಾದಿಂದ ಝುಂಡಾಲಿನ ಮೇಲೆ ಹಾದು ಅದೇ ದಾರಿಯಲ್ಲಿ ಕೆಲವೇ ಕಿಲೋಮೀಟರು ಮುಂದೆ ಹೋದರೆ ಅಡಾಲಜದ ಪ್ರಸಿದ್ಧವಾದ ಮೆಟ್ಟಿಲುಬಾವಿಯು ಸಿಕ್ಕುತ್ತದೆ. ರೂಡಾಬಾಯಿ ಎಂಬ ರಾಣಿ 1499ರ ಹೊತ್ತಿಗೆ ಕಟ್ಟಿಸಿದ, ಭೂಮಿಯೊಳಗೆ ಐದು ಅಂತಸ್ತು ಇಳಿಯುವ ಆ ಬಾವಿಯು ಆಕೆಯ ಪತಿಯ ನೆನಪಿನದೆಂದು ಜನ ಹೇಳುತ್ತಾರೆ. ಅದಕ್ಕೂ ನಾನೂರು ವರ್ಷಗಳ ಹಿಂದೆ ಪಾಟಣದಲ್ಲಿ ಉದಯಮತಿ ರಾಣಿಯು ತನ್ನ ಪತಿ ಭೀಮದೇವನ ಸ್ಮರಣೆಗಾಗಿ ಇನ್ನೂ ವಿಶಾಲವಾದ ಬಾವಿಯನ್ನು ಕಟ್ಟಿಸಿದಳು. ದುಃಖವನ್ನು ನೀರಾಗಿಸಿ ದಾರಿಹೋಕರಿಗೆ ಕುಡಿಯಕೊಟ್ಟ ನಾಡು ಇದು.

ಕನ್ನಡಿಗರಿಗೂ ಈ ಧರ್ಮ ಹೊಸದಲ್ಲ. ಅಗಲಿದವರಿಗೆ ಪರೋಕ್ಷವಿನಯವಾಗಿ ನಿಲ್ಲಿಸಿದ ಕಲ್ಲುಗಳು, ಬಿಟ್ಟ ದತ್ತಿಗಳು, ಕಟ್ಟಿಸಿದ ಬಸದಿಗಳು ನಮ್ಮ ಶಾಸನಗಳಲ್ಲಿ ಎಷ್ಟೋ ಉಂಟು. ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ತಾಯಿ ಪೋಚವ್ವೆಗಾಗಿ ಕಟ್ಟಿಸಿದ ಕತ್ತಲೆಬಸದಿಯು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಇಂದಿಗೂ ಇದೆ. ರಾಜ್ಯಗಳನ್ನು ಗೆದ್ದ ಆ ಮಹಾವೀರನಿಗೆ ತಾಯಿಯ ಹೆಸರಿನಲ್ಲಿ ಒಂದು ಧರ್ಮಕಾರ್ಯವನ್ನು ಮಾಡದೆ ತನ್ನ ಜಯಗಳು ಪೂರ್ಣವಾದುವೆಂದು ಅನ್ನಿಸಿರಲಾರದು.

ಹಾಗಾದರೆ ಒಂದು ಬೆಂಚನ್ನು ಇಡಿಸಿದರಾಯಿತಲ್ಲ, ಆಸ್ಪತ್ರೆಗೆ ಒಂದು ಚೆಕ್ಕನ್ನು ಬರೆದರಾಯಿತಲ್ಲ, ಬೆವರು ಸುರಿಸಿಕೊಂಡು ಓಡುವುದೇಕೆ ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದು. ಚೆಕ್ಕನ್ನು ಬರೆದವನ ಪುಣ್ಯವು ಓಡಿದವನ ಪುಣ್ಯಕ್ಕಿಂತ ಎಳ್ಳಷ್ಟೂ ಕಡಿಮೆಯಲ್ಲ. ಆದರೆ ಹಣವು ನಾವು ಸಂಪಾದಿಸಿದ್ದು. ದೇಹವು ಅವರು ಕೊಟ್ಟದ್ದು. ತಾಯಿಯ ಗರ್ಭದಲ್ಲಿ ಕಟ್ಟಿಕೊಂಡ ಎಲುಬು, ಆಕೆಯ ಎದೆಹಾಲಿನಿಂದ ಬಲಿತ ಸ್ನಾಯು, ಆಕೆಯು ಬೆರಳು ಹಿಡಿದು ನಡೆಯಿಸಿದ ಕಾಲು ಇವುಗಳಿಗಿಂತ ಹೆಚ್ಚಾಗಿ ಆಕೆಯದೇ ಆದ ಸ್ವತ್ತು ನಮ್ಮಲ್ಲಿ ಇನ್ನಾವುದಿದೆ? ದೇವಋಣ, ಋಷಿಋಣ, ಪಿತೃಋಣವೆಂದು ಮೂರು ಋಣಗಳನ್ನು ಎಣಿಸಿದ ನಮ್ಮ ಹಿರಿಯರು ಅವುಗಳಲ್ಲಿ ಪಿತೃಋಣವನ್ನು ಕೊಟ್ಟವರಿಗೇ ಹಿಂತಿರುಗಿಸಿ ಮುಗಿಸಬಹುದೆಂದು ಹೇಳಲಿಲ್ಲ. ಅದನ್ನು ಮುಂದಿನವರಿಗೆ ಸಲ್ಲಿಸಬೇಕು. ಆಕೆ ಕೊಟ್ಟ ದೇಹದ ಶ್ರಮವು ಆಕೆ ಎಂದೂ ನೋಡದ ಒಬ್ಬ ರೋಗಿಯ ತುತ್ತಿಗೆ ಒದಗಿದಾಗ ಋಣವು ಸಲ್ಲಬೇಕಾದ ದಿಕ್ಕಿನಲ್ಲಿ ಸಂದಂತಾಗುತ್ತದೆ.

ಇನ್ನೊಂದು ಕಾರಣವು ಕಾಲಕ್ಕೆ ಸಂಬಂಧಿಸಿದುದು. ಮರಣವಾದ ಮನೆಯಲ್ಲಿ ದುಃಖವನ್ನು ಹಾಗೆಯೇ ಬಿಟ್ಟುಬಿಡದೆ, ಮಾಸಿಕ, ಊನಮಾಸಿಕ, ತ್ರೈಪಕ್ಷಿಕ, ಷಾಣ್ಮಾಸಿಕಗಳೆಂದು ವರ್ಷಾಬ್ದಿಕದವರೆಗೆ ಅದಕ್ಕೆ ಕೆಲಸವನ್ನು ನಿಯಮಿಸಿದ ಪೂರ್ವಿಕರ ವಿವೇಕವು ಎಷ್ಟು ಆಳವಾದುದೆಂದು ನನಗೆ ಆ ವರ್ಷ ತಿಳಿಯಿತು. ಮಾಡಬೇಕಾದುದು ಒಂದಿದ್ದಾಗ ದುಃಖವು ಮನುಷ್ಯನನ್ನು ಕೆಡಿಸುವುದಿಲ್ಲ. ಮ್ಯಾರಥಾನಿನ ಸಿದ್ಧತೆಯೂ ಇಂಥದೇ. ಇಂದು ನಿಶ್ಚಯಿಸಿ ನಾಳೆ ಓಡುವ ದೂರವಲ್ಲ ಅದು. ಮೊದಲು ನಡಿಗೆ, ಆಮೇಲೆ ನಡಿಗೆಯ ನಡುವೆ ಓಟ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬೆಳೆಸುವ ದೀರ್ಘವಾದ ಓಟ, ನಡುನಡುವೆ ವಿಶ್ರಾಂತಿ, ಹೀಗೆ ಅನೇಕ ಮಾಸಗಳ ನಿಯಮ. ನಮ್ಮ ಊರಿನಲ್ಲಿ ಅದಕ್ಕೆ ಬಿಸಿಲಿನ ನಿಯಮವೊಂದು ಹೆಚ್ಚಾಗಿ ಸೇರುತ್ತದೆ. 2016ರ ಮೇ ತಿಂಗಳಿನಲ್ಲಿ 48 ಡಿಗ್ರಿ ತಾಪವನ್ನು ಕಂಡ ನಗರವಿದು, ಸೆಕೆಯಿಂದ ಜನರನ್ನು ಕಾಪಾಡುವ ಯೋಜನೆಯನ್ನು 2013ರಲ್ಲಿಯೇ ದೇಶದಲ್ಲಿ ಮೊದಲಾಗಿ ರಚಿಸಿಕೊಂಡ ನಗರವೂ ಇದೇ. ಆದುದರಿಂದ ಓಡುವವನು ಹಕ್ಕಿಗಳಿಗಿಂತ ಮೊದಲು ಏಳಬೇಕು. ವಿಸತ್ ವೃತ್ತದಿಂದ ಝುಂಡಾಲಿನ ಕಡೆಗೆ ಹೋಗುವ ರಸ್ತೆಯಲ್ಲಿ, ಅದಕ್ಕೂ ಆಚೆ ನರ್ಮದಾ ಕಾಲುವೆಯ ದಂಡೆಯಲ್ಲಿ, ಹಾಲಿನ ಗಾಡಿಗಳೂ ಪತ್ರಿಕೆ ಹಂಚುವ ಹುಡುಗರೂ ಹೊರತು ಇನ್ನಾರೂ ಇಲ್ಲದ ಆ ಹೊತ್ತಿನಲ್ಲಿ ನಾನು ತಾಯಿಯವರೊಡನೆ ಕಳೆದಷ್ಟು ನೆಮ್ಮದಿಯ ವೇಳೆಯನ್ನು, ಅವರು ಬದುಕಿದ್ದಾಗ ಉದ್ಯೋಗದ ಗಡಿಬಿಡಿಯಲ್ಲಿ ಕಳೆದಿದ್ದೆನೆಂದು ಹೇಳಲಾರೆ.

ಅವರು ಧಾರವಾಡದ ಕಡೆಯವರು. ಕೊನೆಯ ವರ್ಷಗಳಲ್ಲಿ ನಮ್ಮೊಡನೆ ಇರಲು ಬಂದು, ತರಕಾರಿಯವನೊಡನೆ ಗುಜರಾತಿಯಲ್ಲಿ ಚೌಕಾಶಿ ಮಾಡುವಷ್ಟನ್ನು ಬೇಗನೆ ಕಲಿತುಕೊಂಡರು; ನೆರೆಮನೆಯ ಹಿರಿಯರು ಅವರನ್ನು, ಗುಜರಾತಿಯಲ್ಲಿ ತಾಯಿಯೆಂಬ ಅರ್ಥದಲ್ಲಿ, ಬಾ ಎಂದೇ ಕರೆಯುತ್ತಿದ್ದರು. ಕ್ಯಾನ್ಸರ್ ರೋಗವು ಅವರನ್ನು ಹಿಡಿದಾಗ ಚಿಕಿತ್ಸೆಯ ದಿನಗಳಲ್ಲಿ ಅವರ ಪಕ್ಕದಲ್ಲಿ ದೂರದ ಹಳ್ಳಿಗಳಿಂದ ಬಂದ ಹೆಂಗಸರು ಕಾದು ಕುಳಿತಿರುತ್ತಿದ್ದರು. ಅಸಾರವಾದಲ್ಲಿರುವ, 1972ರಲ್ಲಿ ಸ್ಥಾಪಿತವಾದ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಂಥ ಆಸ್ಪತ್ರೆಗಳಿರುವುದರಿಂದ ಈ ನಗರಕ್ಕೆ ರಾಜಸ್ಥಾನದಿಂದಲೂ ಮಧ್ಯಪ್ರದೇಶದಿಂದಲೂ ರೋಗಿಗಳು ಬರುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ನಮ್ಮ ರಾಯಚೂರು ಕಲಬುರಗಿಗಳಿಂದ ಬರುವವರ ಹಾಗೆಯೇ. ಔಷಧದ ಖರ್ಚಿಗೆ ಸರಕಾರದ ನೆರವು ದೊರೆತರೂ, ಸಂಗಡ ಬಂದವರ ಊಟ, ಮಲಗುವ ಜಾಗ, ಊರಿಗೆ ಹೋಗಿಬರುವ ಬಾಡಿಗೆ, ಕೂಲಿ ತಪ್ಪಿದ ದಿನಗಳು ಇವುಗಳ ಭಾರವು ಮನೆಯನ್ನು ಮುರಿಯುತ್ತದೆ. ನನ್ನ ತಾಯಿಯವರಿಗೆ ಮೇವಾಡದ ಭಾಷೆ ಬಾರದು, ಆ ಹೆಂಗಸರಿಗೆ ಕನ್ನಡ ಬಾರದು. ಆದರೂ ನಾಳೆ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಾಗಿ ಹಾಕಿಸಿಕೊಂಡು ಬಾರಪ್ಪ ಎಂದು ಅವರು ಪ್ರತಿಸಲವೂ ನನಗೆ ಹೇಳುತ್ತಿದ್ದರು. ತಮಗೆ ಅನ್ನ ಸೇರದಿದ್ದ ದಿನಗಳಲ್ಲಿಯೂ ಹೇಳುತ್ತಿದ್ದರು. ಆದುದರಿಂದ ಹಣವನ್ನು ಯಾವುದಕ್ಕೆ ಕೊಡಬೇಕೆಂದು ನಾನು ಆಲೋಚಿಸಬೇಕಾಗಿರಲಿಲ್ಲ. ರೋಗಿಗಳ ಸಂಗಡಿಗರಿಗೆ ಊಟವನ್ನೂ ವಸತಿಯನ್ನೂ ಕೊಡುವ ಕಾರ್ಯವೊಂದಕ್ಕೆ ಅದು ಹೋಯಿತು.

ಎಲ್ಲಕ್ಕಿಂತ ಕಠಿನವಾದುದು ಓಟವಲ್ಲ, ಕೇಳುವುದು. ನಮ್ಮಂಥ ಮಧ್ಯಮವರ್ಗದವರಿಗೆ ಇನ್ನೊಬ್ಬರ ಮುಂದೆ ಕೈಯೊಡ್ಡುವುದೆಂದರೆ ಪ್ರಾಣಸಂಕಟ. ಆದರೆ ಕೇಳಬೇಕಾದರೆ ಕಾರಣವನ್ನು ಹೇಳಬೇಕು, ಕಾರಣವನ್ನು ಹೇಳಬೇಕಾದರೆ ತಾಯಿಯ ಹೆಸರನ್ನು ಎತ್ತಬೇಕು, ಆಕೆ ಹೇಗಿದ್ದಳು ಏನು ಮಾಡಿದಳು ಎಂದು ಕಚೇರಿಯ ಸಹೋದ್ಯೋಗಿಗೂ ಅಂಗಡಿಯವನಿಗೂ ಹುಬ್ಬಳ್ಳಿಯಲ್ಲಿರುವ ಹಳೆಯ ಸಹಪಾಠಿಗೂ ಬಿಡಿಸಿ ಹೇಳಬೇಕು. ಸಮಾಧಾನದ ಮಾತುಗಳು ಮುಗಿದು ಎಲ್ಲರೂ ತಮ್ಮತಮ್ಮ ಕೆಲಸಕ್ಕೆ ಮರಳಿದ ಮೇಲೆ ಸತ್ತವರ ಹೆಸರನ್ನು ಗಟ್ಟಿಯಾಗಿ ಹೇಳುವ ಸಂದರ್ಭಗಳೇ ಒಬ್ಬ ಮಗನಿಗೆ ದೊರೆಯುವುದಿಲ್ಲ. ಗುಜರಾತಿಯರಲ್ಲಿ ಬೇಸಣು ಎಂಬ ಸಂತಾಪದ ಕೂಟವುಂಟು. ಇಂಥಲ್ಲಿ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಎಂದು ಭಾವಚಿತ್ರದೊಡನೆ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ, ಬಿಳಿಯ ಬಟ್ಟೆಯುಟ್ಟ ಜನ ಬಂದು ಮೌನವಾಗಿ ಕುಳಿತು ಕೈಮುಗಿದು ಹೋಗುತ್ತಾರೆ. ಅದು ಘನವಾದ ಆಚಾರ, ಆದರೆ ಕೆಲವು ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಓಟದ ನೆಪದಿಂದ ಆ ಕೂಟವು ನನ್ನ ಪಾಲಿಗೆ ತಿಂಗಳುಗಟ್ಟಲೆ ಮುಂದುವರಿಯಿತು. ಅಷ್ಟೇ ಅಲ್ಲ, ನಾನು ಕೇಳಿದವರು ಹಣದ ಜೊತೆಗೆ ತಮ್ಮ ಮೃತರನ್ನೂ ನನ್ನೆದುರಿಗೆ ತಂದರು. ಮಿತಭಾಷಿಯಾದ ಒಬ್ಬ ಮೇಲಧಿಕಾರಿಗಳು ತಮ್ಮ ತಂದೆಯವರ ಕೊನೆಯ ದಿನಗಳನ್ನು ವಿಸ್ತಾರವಾಗಿ ಹೇಳಿದರು. ನಮ್ಮ ಬೀದಿಯ ಇಸ್ತ್ರಿಯವನು, ತಾನು ಚಿಕ್ಕವನಿದ್ದಾಗಲೇ ಹೋದ ತಾಯಿಯ ಮುಖ ನೆನಪಿಲ್ಲವೆಂದು ಹೇಳಿ, ಬೇಡವೆಂದರೂ ಬಿಡದೆ ಒಂದು ನೋಟನ್ನು ಕೈಯಲ್ಲಿಟ್ಟನು. ಮಧುಕರಿಯನ್ನು ಬೇಡುತ್ತ ಮನೆಮನೆಗೆ ಹೋಗುತ್ತಿದ್ದ ಹಿಂದಿನ ವಿದ್ಯಾರ್ಥಿಗಳಿಗೆ ಊರಿನ ಎಲ್ಲ ಅಡುಗೆಮನೆಗಳ ಸುಖದುಃಖ ತಿಳಿಯುತ್ತಿದ್ದಿತೆಂದು ಕೇಳಿದ್ದೇನೆ. ಭಿಕ್ಷೆಯಲ್ಲಿ ಅಂಥದೊಂದು ವಿದ್ಯೆಯುಂಟು.

ಓಟದ ಮಾರ್ಗವು ಗಾಂಧೀ ಆಶ್ರಮದ ಸಮೀಪದಲ್ಲಿ ಹಾದುಹೋಗುತ್ತದೆ. 1930ರ ಮಾರ್ಚ್ 12ರಂದು ಅಲ್ಲಿಂದಲೇ ಮಹಾತ್ಮರು ದಂಡಿಗೆ ನಡೆದರು. ಅವರೊಡನೆ ಹೆಜ್ಜೆಯಿಟ್ಟ ತರುಣರಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಇದ್ದರೆಂಬುದು ಕನ್ನಡಿಗನಾದವನು ಅಲ್ಲಿ ತಲೆಯೆತ್ತಿ ನೆನೆಯತಕ್ಕ ಸಂಗತಿ. ಆದರೆ ಓಟದ ಆ ಬೆಳಗ್ಗೆ ನನಗೆ ಹೆಚ್ಚಾಗಿ ನೆನಪಾದದ್ದು ಮಹಾತ್ಮರ ತಾಯಿ ಪುತಲೀಬಾಯಿಯವರು. ಚಾತುರ್ಮಾಸ್ಯದಲ್ಲಿ ಸೂರ್ಯದರ್ಶನವಿಲ್ಲದೆ ಆಕೆ ಉಣ್ಣುತ್ತಿರಲಿಲ್ಲ; ಮೋಡ ಕವಿದ ದಿನಗಳಲ್ಲಿ ಮಕ್ಕಳು ಆಕಾಶವನ್ನೇ ನೋಡುತ್ತ ನಿಂತು, ಸೂರ್ಯನು ಕಂಡೊಡನೆ ತಾಯಿಗೆ ಹೇಳಲು ಓಡಿಹೋಗುತ್ತಿದ್ದರು; ಆಕೆ ಹೊರಗೆ ಬರುವಷ್ಟರಲ್ಲಿ ಸೂರ್ಯನು ಮರೆಯಾಗಿರುತ್ತಿದ್ದನು, ಆಕೆ ಬೇಸರವಿಲ್ಲದೆ ಒಳಗೆ ಹೋಗುತ್ತಿದ್ದಳು. ತಾಯಿಯು ಉಣಲೆಂದು ಹಾಗೆ ಓಡಿದ ಹುಡುಗನು 1891ರಲ್ಲಿ ಬಾರಿಸ್ಟರಾಗಿ ಇಂಗ್ಲೆಂಡಿನಿಂದ ಹಿಂತಿರುಗಿದಾಗ ಆಕೆ ಇರಲಿಲ್ಲ. ಪರದೇಶದಲ್ಲಿ ತಮ್ಮನಿಗೆ ಆಘಾತವಾಗಬಾರದೆಂದು ಅಣ್ಣನು ಸುದ್ದಿಯನ್ನು ಮುಚ್ಚಿಟ್ಟಿದ್ದನು. ತಂದೆಯ ಮರಣಕ್ಕಿಂತಲೂ ಅದು ಹೆಚ್ಚು ನೋಯಿಸಿತೆಂದೂ, ಆದರೂ ಕಣ್ಣೀರನ್ನು ತಡೆದು ಕೆಲಸಕ್ಕೆ ತೊಡಗಿದೆನೆಂದೂ ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಪರವೂರಿನಲ್ಲಿದ್ದಾಗ ತಾಯಿಯನ್ನು ಕಳೆದುಕೊಂಡ ಮಕ್ಕಳ ಸಂಖ್ಯೆ ನಮ್ಮ ಕಾಲದಲ್ಲಿ ಬಹಳವಾಗಿ ಬೆಳೆದಿದೆ.

ಮೂವತ್ತು ಕಿಲೋಮೀಟರಿನ ಆಚೆಗೆ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಚಯವಾಗಿದ್ದ ಶರ್ಕರವು ತೀರುತ್ತ ಬಂದು ಕಾಲು ಭಾರವಾಗುತ್ತದೆಂದು ವೈದ್ಯರು ವಿವರಿಸುತ್ತಾರೆ. ನಾನು ಆ ಭಾಗವನ್ನು ಬಹುತೇಕ ನಡೆದೇ ಮುಗಿಸಿದೆನು. ದೇಹಪರೀಕ್ಷೆಯನ್ನು ಮಾಡಿಸಿಕೊಳ್ಳದೆ, ಎದೆಯ ನೋವನ್ನೋ ತಲೆಸುತ್ತನ್ನೋ ಲಕ್ಷಿಸದೆ ಹಟದಿಂದ ಓಡುವುದು ತಂದೆತಾಯಿಗಳಿಗೆ ಸಲ್ಲಿಸುವ ಗೌರವವಾಗಲಾರದು. ತನ್ನ ಹೆಸರಿನಲ್ಲಿ ಮಗ ಕುಸಿದುಬೀಳುವುದನ್ನು ಯಾವ ತಾಯಿ ಒಪ್ಪಿಯಾಳು?

ಶೋಕವನ್ನು ಓಟವಾಗಿಸಿದ ಫೌಜಾ ಸಿಂಗರ ಕಥೆಯನ್ನು ಕೇಳಿಲ್ಲದವರಿಗಾಗಿ ಒಂದು ಮಾತು. ಜಲಂಧರದ ಕಡೆಯ ಆ ರೈತರು ತಂದೆಯನ್ನಲ್ಲ, ಮಗನನ್ನು ಕಣ್ಣೆದುರಿಗೆ ಕಳೆದುಕೊಂಡರು. ಆ ಶೋಕದಿಂದ ಪಾರಾಗಲು ಇಂಗ್ಲೆಂಡಿನಲ್ಲಿ ಮುಪ್ಪಿನ ಕಾಲಕ್ಕೆ ಓಡತೊಡಗಿ, 2000ದಲ್ಲಿ ಲಂಡನ್ ಮ್ಯಾರಥಾನನ್ನು ಮುಗಿಸಿದಾಗ ಅವರಿಗೆ 89 ವರ್ಷ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಆರೈಕೆಗಾಗಿ ಅವರು ಹಣ ಕೂಡಿಸಿಕೊಟ್ಟರು. 2011ರಲ್ಲಿ, ನೂರು ವರ್ಷ ತುಂಬಿದವರಾಗಿ, ಟೊರಾಂಟೊದಲ್ಲಿ ಮತ್ತೆ ಪೂರ್ಣ ದೂರವನ್ನು ಓಡಿದರು. 2025ರಲ್ಲಿ ತಮ್ಮ ಊರಿನ ರಸ್ತೆಯಲ್ಲಿ ವಾಹನ ತಗುಲಿ ತೀರಿಕೊಂಡರು. ಬೆಳೆದ ಮಗನ ಸಾವಿನಿಂದ ಹುಟ್ಟಿದ ಓಟವು ಆಗತಾನೆ ಹುಟ್ಟಿದ ಯಾರದೋ ಮಕ್ಕಳ ಉಸಿರಿಗೆ ಒದಗಿತು.

ಬಡೋದೆಯಲ್ಲಿಯೂ ಸೂರತಿನಲ್ಲಿಯೂ ಈಗ ಇಂಥ ಓಟಗಳು ನಡೆಯುತ್ತವೆ. ಕರ್ನಾಟಕದಲ್ಲಂತೂ ಹಲವು ಊರುಗಳಲ್ಲಿ. ಈ ವರ್ಷ ನಮ್ಮ ನೆರೆಯ ತರುಣನೊಬ್ಬನು, ಹಾವೇರಿಯ ಕಡೆಯವನು, ತಂದೆಯನ್ನು ಕಳೆದುಕೊಂಡು ಊರಿನಿಂದ ಈಚೆಗೆ ಮರಳಿದವನು, ತಾನೂ ಓಡಬಹುದೆ ಎಂದು ನನ್ನನ್ನು ಬಂದು ಕೇಳಿದನು. ಮೊದಲು ವೈದ್ಯರಿಗೆ ತೋರಿಸಿಕೊ, ಆಮೇಲೆ ತಾಯಿಯವರ ಅಪ್ಪಣೆಯನ್ನು ಪಡೆ, ಸೋಮವಾರದಿಂದ ನಡಿಗೆಯನ್ನು ಪ್ರಾರಂಭಿಸೋಣ ಎಂದಿದ್ದೇನೆ. ಅವನ ತಂದೆಯವರು ಶಾಲೆಯ ಮಾಸ್ತರರಾಗಿದ್ದರಂತೆ. ಹಣವು ಅವರ ಶಾಲೆಯ ಗ್ರಂಥಾಲಯಕ್ಕೆ ಹೋಗಲೋ, ಅವರನ್ನು ನೋಡಿಕೊಂಡ ಆಸ್ಪತ್ರೆಯ ಬಡರೋಗಿಗಳಿಗೆ ಹೋಗಲೋ ಎಂಬುದನ್ನು ಅವನು ಇನ್ನೂ ತೀರ್ಮಾನಿಸಿಲ್ಲ. ಗ್ರಂಥಾಲಯವೇ ಆಗಲೆಂದು ಅವನ ತಾಯಿಯವರು ಹೇಳಿದ್ದಾರೆ, ನನ್ನ ಅಭಿಪ್ರಾಯವೂ ಅದೇ.